ಹಾಜರಿ ಪುಸ್ತಕದಲ್ಲೊಂದು ಹೆಸರು: ತಪ್ಪು ಗುರುತಿನ ನಗೆಯಲ್ಲಿ ಯಾರಿಗೆಷ್ಟು ಪಾಲು?

ಗೋಣಿಬೀಡು (ಮೂಡಿಗೆರೆ ತಾಲ್ಲೂಕು): ಅಬಚೂರು ಎಂಬ ಊರು ಭೂಪಟದಲ್ಲಿ ಇಲ್ಲ. ಆದರೆ ಮೂಡಿಗೆರೆಯಿಂದ ಗೋಣಿಬೀಡಿನವರೆಗಿನ ಕಾಫಿ ಸೀಮೆಯಲ್ಲಿ ಅಬಚೂರನ್ನು ಬಲ್ಲೆವು ಎನ್ನುವವರಿಗೆ ಕೊರತೆಯಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಆ ಊರಿಗೆ ಒಂದು ಪೋಸ್ಟಾಫೀಸು ಕೊಟ್ಟರು, ಒಂದು ಕಾಲೇಜು ಕೊಟ್ಟರು, ಆ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಒಂದು ಉದ್ದನೆಯ ಹೆಸರನ್ನೂ ಬರೆದಿಟ್ಟರು: ಜಮಾಲ್ ಅಬ್ದುಲ್ಲಾ ಮುಸ್ತಾಫಾ ಹುಸೇನ್. 1973ರ ಕಥಾಸಂಕಲನ ‘ಅಬಚೂರಿನ ಪೋಸ್ಟಾಫೀಸು’ವಿನಲ್ಲಿರುವ ಆ ಕಥೆ ಐವತ್ತು ವರ್ಷಗಳ ನಂತರ, 2023ರ ಮೇ 19ರಂದು, ‘ಡೇರ್‌ಡೆವಿಲ್ ಮುಸ್ತಾಫಾ’ ಎಂಬ ಹೆಸರಿನಲ್ಲೇ ಚಲನಚಿತ್ರವಾಗಿ ತೆರೆಗೆ ಬಂತು. ಶಶಾಂಕ್ ಸೋಗಾಲ್ ನಿರ್ದೇಶನದ ಈ ಚಿತ್ರವನ್ನು ಹಾಸ್ಯಚಿತ್ರವೆಂದೇ ಜನ ನೋಡಿದರು, ನಕ್ಕರು. ಆದರೆ ಆ ನಗೆಯ ಹಿಂದೆ ಕನ್ನಡ ಚಿತ್ರರಂಗ ಬಹುಕಾಲ ಮುಟ್ಟದೇ ಬಿಟ್ಟಿದ್ದ ಪ್ರಶ್ನೆಯೊಂದಿದೆ. ತಪ್ಪು ಗುರುತಿನ ಹಾಸ್ಯದಲ್ಲಿ ಯಾರನ್ನು ಯಾರೆಂದು ತಪ್ಪು ತಿಳಿಯಲಾಗುತ್ತದೆ? ಆ ತಪ್ಪಿನ ಬೆಲೆಯನ್ನು ತೆರುವವರು ಯಾರು?

ಒಬ್ಬರನ್ನು ಇನ್ನೊಬ್ಬರೆಂದು ಭ್ರಮಿಸುವ ಹಾಸ್ಯ ಕನ್ನಡಕ್ಕೆ ಹೊಸದಲ್ಲ. ರೋಮಿನ ನಾಟಕಕಾರ ಪ್ಲಾಟಸ್‌ನಿಂದ ಎರವಲು ಪಡೆದು ಶೇಕ್ಸ್‌ಪಿಯರ್ 1590ರ ದಶಕದಲ್ಲಿ ಬರೆದ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ಚನ್ನಬಸಪ್ಪನವರು 1871ರಲ್ಲೇ ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದಿದ್ದರು. ಅದೇ ನಾಟಕವನ್ನು ಈಶ್ವರಚಂದ್ರ ವಿದ್ಯಾಸಾಗರರು ಬಂಗಾಳಿಗೆ ‘ಭ್ರಾಂತಿ ವಿಲಾಸ’ವಾಗಿ ತಂದರು, ಬಿ. ವೆಂಕಟಾಚಾರ್ಯರು ಅದನ್ನು ಕನ್ನಡಕ್ಕೆ ಇಳಿಸಿದರು. ಶೇಕ್ಸ್‌ಪಿಯರ್‌ನ ಗಂಭೀರ ನಾಟಕಗಳಷ್ಟೇ ಉತ್ಸಾಹದಿಂದ ಕನ್ನಡಿಗರು ಅವನ ಈ ಗೊಂದಲದ ಪ್ರಹಸನವನ್ನೂ ಬರಮಾಡಿಕೊಂಡರೆಂಬುದು ಇಲ್ಲಿ ಗಮನಾರ್ಹ. ಹಿಂದಿಯಲ್ಲಿ ಗುಲ್ಜಾರ್ ಇದೇ ಕಥೆಯನ್ನು 1982ರಲ್ಲಿ ‘ಅಂಗೂರ್’ ಮಾಡಿದರೆ, ಕನ್ನಡದಲ್ಲಿ ಪತ್ರಕರ್ತರೂ ಆಗಿದ್ದ ಎನ್.ಎಸ್. ಶಂಕರ್ 1997ರಲ್ಲಿ ರಮೇಶ್ ಅರವಿಂದ್ ಅವರನ್ನು ಇಟ್ಟುಕೊಂಡು ‘ಉಲ್ಟಾ ಪಲ್ಟಾ’ ಮಾಡಿ ಗೆದ್ದರು.

ಈ ಬಗೆಯ ಕಥೆಗಳ ಯಂತ್ರ ಸರಳವಾದುದು. ಮುಖ ಒಂದೇ, ಮನುಷ್ಯರು ಇಬ್ಬರು. ಪಾತ್ರಗಳಿಗೆ ಗೊತ್ತಿಲ್ಲದ ಸಂಗತಿ ಪ್ರೇಕ್ಷಕನಿಗೆ ಗೊತ್ತು. ಹೀಗೆ ಎಲ್ಲ ಬಲ್ಲವನ ಸ್ಥಾನದಲ್ಲಿ ಕುಳಿತು ಅವನು ನಗುತ್ತಾನೆ. ಕೊನೆಗೆ ಇಬ್ಬರೂ ಅಕ್ಕಪಕ್ಕದಲ್ಲಿ ನಿಂತಾಗ ಗೊಂದಲ ಬಗೆಹರಿಯುತ್ತದೆ, ಸಾಲಗಾರ ಕ್ಷಮೆ ಕೇಳುತ್ತಾನೆ, ಹೆಂಡತಿ ನಾಚುತ್ತಾಳೆ, ಪೊಲೀಸಿನವನು ಬೀಡಿ ಎಸೆದು ಹೊರಡುತ್ತಾನೆ. ತಪ್ಪು ತಿಳಿದದ್ದರಿಂದ ಯಾರಿಗೂ ಶಾಶ್ವತ ಹಾನಿಯಿಲ್ಲ. ಆ ಭರವಸೆ ಇರುವುದರಿಂದಲೇ ಅದು ಹಾಸ್ಯ.

1990ರಲ್ಲಿ ಫಣಿ ರಾಮಚಂದ್ರ ನಿರ್ದೇಶಿಸಿದ ‘ಗಣೇಶನ ಮದುವೆ’ ಇದರ ಇನ್ನೊಂದು ಮಾದರಿ. ಅಲ್ಲಿ ಅವಳಿಗಳಿಲ್ಲ. ಒಂದೇ ವಠಾರದಲ್ಲಿದ್ದು ದಿನಬೆಳಗಾದರೆ ಜಗಳವಾಡುವ ಅನಂತನಾಗ್ ಮತ್ತು ವಿನಯಾ ಪ್ರಸಾದ್ ಪಾತ್ರಗಳು, ಪರಸ್ಪರ ಯಾರೆಂದು ಅರಿಯದೆ ಕಾಗದದ ಮೂಲಕ ಪ್ರೀತಿಸುತ್ತವೆ. ಇಂದಿಗೂ ಜನ ಮರಳಿ ಮರಳಿ ನೋಡುವ ಚಿತ್ರವದು. ಅದರ ಲವಲವಿಕೆಗೆ ಸಾಟಿಯಾದ ಹಾಸ್ಯಚಿತ್ರಗಳು ನಮ್ಮಲ್ಲಿ ಹೆಚ್ಚಿಲ್ಲ. ಆದರೂ ಒಂದು ಮಾತು ಕೇಳಬಹುದು. ರಮಣಮೂರ್ತಿಯ ಆ ವಠಾರದಲ್ಲಿ ಹುಸೇನ್ ಎಂಬುವವನಿಗೆ ಬಾಡಿಗೆಗೆ ಮನೆ ಸಿಗುತ್ತಿತ್ತೇ? ಬೆಂಗಳೂರಿನಲ್ಲಿ ಮನೆ ಹುಡುಕಿದ ಅನುಭವವಿರುವ ಓದುಗರಿಗೆ ಉತ್ತರ ಹೇಳಬೇಕಾಗಿಲ್ಲ. ಹೆಸರು ಕೇಳಿದ ಕೂಡಲೇ ಬಾಗಿಲು ಮುಚ್ಚುವುದಾದರೆ ಕಾಗದ ಬರೆಯುವುದಕ್ಕಾಗಲಿ ಪ್ರೀತಿಸುವುದಕ್ಕಾಗಲಿ ಅವಕಾಶವೇ ಇಲ್ಲ. ನಮ್ಮ ಗೊಂದಲದ ಹಾಸ್ಯಗಳು ಬಹುಪಾಲು ನಡೆದಿರುವುದು ಹೊಸ್ತಿಲು ದಾಟಲು ಅನುಮತಿ ಇದ್ದವರ ನಡುವೆ ಮಾತ್ರ.

ಇಲ್ಲದ ಅವಳಿ

ಮುಸ್ತಾಫಾನ ಕಥೆ ಭಿನ್ನವಾಗುವುದು ಇಲ್ಲಿಯೇ. ಅಬಚೂರಿನ ಕಾಲೇಜಿಗೆ ಅವನು ಮೊದಲ ಮುಸ್ಲಿಂ ವಿದ್ಯಾರ್ಥಿ. ಹುಡುಗನಿಗಿಂತ ಮೊದಲು ಅವನ ಹೆಸರು ತರಗತಿಯನ್ನು ಹೊಕ್ಕಿರುತ್ತದೆ. ಆ ಹೆಸರಿಗೆ ತಕ್ಕ ಒಬ್ಬ ಮುಸ್ತಾಫಾನನ್ನು ಸಹಪಾಠಿಗಳು ತಾವೇ ತಯಾರಿಸಿಕೊಂಡಿರುತ್ತಾರೆ. ಕೇಳಿದ ಗಾಳಿಮಾತು, ಮನೆಯಲ್ಲಿ ಹಿರಿಯರು ಆಡಿದ ಮಾತು, ತಮ್ಮದೇ ಅಂಜಿಕೆ, ಎಲ್ಲವನ್ನೂ ಸೇರಿಸಿ. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಇಬ್ಬರು ಇರುತ್ತಾರೆ, ಊರಿನವರು ಒಬ್ಬನೇ ಎಂದು ತಿಳಿಯುತ್ತಾರೆ. ಇಲ್ಲಿ ಇರುವವನು ಒಬ್ಬ, ಊರಿನವರು ಮನಸ್ಸಿನಲ್ಲಿ ಇನ್ನೊಬ್ಬನನ್ನು ಕಟ್ಟಿಕೊಂಡಿದ್ದಾರೆ. ರಾಮಾನುಜ ಅಯ್ಯಂಗಾರಿ ಮತ್ತವನ ಗೆಳೆಯರು ಜಗಳಕ್ಕೆ ನಿಲ್ಲುವುದು ಆ ಎರಡನೆಯವನ ಜೊತೆ. ಅವನು ಕೊನೆಯಲ್ಲಿ ವೇದಿಕೆಗೆ ಬಂದು ಅಕ್ಕಪಕ್ಕ ನಿಲ್ಲುವುದು ಸಾಧ್ಯವಿಲ್ಲ, ಏಕೆಂದರೆ ಅವನು ಇಲ್ಲವೇ ಇಲ್ಲ.

ಪ್ರೇಕ್ಷಕನ ಸ್ಥಾನವೂ ಬದಲಾಗಿದೆ. ‘ಉಲ್ಟಾ ಪಲ್ಟಾ’ ನೋಡುವವನು ಎಲ್ಲ ಬಲ್ಲವನು. ಇಲ್ಲಿ ಅವನು ತರಗತಿಯ ಹುಡುಗರ ಜೊತೆ ಬೆಂಚಿನ ಮೇಲೆಯೇ ಕುಳಿತಿದ್ದಾನೆ. ಅವರಿಗಿರುವ ಅಂಜಿಕೆ, ಕುತೂಹಲ, ಅರೆತಿಳಿವಳಿಕೆ ಇವನಿಗೂ ಇದೆ. ಆದುದರಿಂದ ನಗು ಬಂದಾಗ ಅದು ಅರ್ಧ ತನ್ನ ಮೇಲೆಯೇ ಬಂದ ನಗು. ತೇಜಸ್ವಿಯವರ ಹಾಸ್ಯದ ಬಹುದೊಡ್ಡ ಗುಣವೇ ಇದು. ಅವರು ಯಾರಿಗೂ ಪಾಠ ಹೇಳಲು ನಿಲ್ಲುವುದಿಲ್ಲ. ಅಯ್ಯಂಗಾರಿಯನ್ನು ಖಳನನ್ನಾಗಿ ಮಾಡುವುದಿಲ್ಲ, ಮುಸ್ತಾಫಾನನ್ನು ಸಂತನನ್ನಾಗಿಯೂ ಮಾಡುವುದಿಲ್ಲ. ಚಿತ್ರ ಆ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ ಎಂಬುದು ಅದರ ಹೆಚ್ಚುಗಾರಿಕೆ.

ಕನ್ನಡ ತೆರೆಯ ಮೇಲೆ ಮುಸ್ಲಿಂ ಪಾತ್ರಗಳಿಗೆ ಈವರೆಗೆ ಸಿಕ್ಕ ಕೆಲಸಗಳನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಜನಪ್ರಿಯ ಚಿತ್ರಗಳಲ್ಲಿ ನಾಯಕನಿಗಾಗಿ ಪ್ರಾಣ ಬಿಡುವ ಗೆಳೆಯ, ಮುರುಕು ಕನ್ನಡದಲ್ಲಿ ಮಾತನಾಡಿ ನಗಿಸುವ ಸಾಬಿ, ಇಲ್ಲವೇ ಬಾಂಬು ಹಿಡಿದವನು. ಕಲಾತ್ಮಕ ಚಿತ್ರಗಳು ಘನತೆ ಕೊಟ್ಟವು, ಆದರೆ ಕಣ್ಣೀರಿನೊಂದಿಗೆ ಕೊಟ್ಟವು. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ (2004) ಬಾನು ಮುಷ್ತಾಕರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿದ್ದು. 2008ರ ‘ಗುಲಾಬಿ ಟಾಕೀಸು’ವಿನಲ್ಲಿ ಕಾಸರವಳ್ಳಿಯವರು ವೈದೇಹಿಯವರ ಕಥೆಯ ನಾಯಕಿಯನ್ನು ಮುಸ್ಲಿಂ ಸೂಲಗಿತ್ತಿಯನ್ನಾಗಿ ಮಾಡಿ, ಕಾರ್ಗಿಲ್ ಕಾಲದ ಕರಾವಳಿಯಲ್ಲಿ ಅವಳು ಊರಿಗೆ ಹೇಗೆ ಪರಕೀಯಳಾದಳು ಎಂಬುದನ್ನು ತೋರಿಸಿದರು, ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇವು ಮುಖ್ಯ ಚಿತ್ರಗಳೇ. ಆದರೆ ಚೇಷ್ಟೆ ಮಾಡುವ, ಹುಡುಗಾಟಿಕೆಯ, ಪಂದ್ಯ ಆಡುವ, ಎದುರಾಳಿಗೆ ಸಮನಾಗಿ ಕೀಟಲೆ ಕೊಡುವ ಮುಸ್ಲಿಂ ಹುಡುಗನಿಗೆ ಕನ್ನಡ ಸಿನಿಮಾದಲ್ಲಿ ಜಾಗ ಸಿಕ್ಕಿದ್ದು ಅಪರೂಪ. ನಗಿಸುವ ಹಕ್ಕೂ ಒಂದು ಪ್ರಾತಿನಿಧ್ಯ ತಾನೆ? ಶಿಶಿರ್ ಬೈಕಾಡಿ ನಿರ್ವಹಿಸಿದ ಮುಸ್ತಾಫಾನಿಗೆ ಆ ಹಕ್ಕು ದೊರೆತಿದೆ.

ಚಿತ್ರ ಬಂದ ಕಾಲವನ್ನೂ ಮರೆಯುವಂತಿಲ್ಲ. ಅದಕ್ಕೆ ಒಂದೂಕಾಲು ವರ್ಷದ ಹಿಂದೆ, 2022ರ ಜನವರಿ-ಫೆಬ್ರುವರಿಯಲ್ಲಿ, ರಾಜ್ಯದ ಕಾಲೇಜುಗಳ ಬಾಗಿಲಲ್ಲೇ ಗುರುತಿನ ಜಗಳ ನಡೆದಿತ್ತು. ಇದೇ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಬಾಳಗಡಿ ಕಾಲೇಜಿನಲ್ಲಿ ಹಿಜಾಬ್ ವಿರೋಧಿಸಿ ವಿದ್ಯಾರ್ಥಿಗಳು ಕೇಸರಿ ಶಾಲು ಹೊದ್ದು ಬಂದಿದ್ದರು. ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿನಲ್ಲಿ ಕೇಸರಿ ಶಾಲಿನವರಿಗೆ ಎದುರಾಗಿ, ಹಿಜಾಬ್ ಧರಿಸಿದ ಸಹಪಾಠಿಗಳ ಪರವಾಗಿ, ನೀಲಿ ಶಾಲು ಹೊದ್ದವರು ಜೈಭೀಮ್ ಎಂದು ನಿಂತರು. ಫೆಬ್ರುವರಿ 5ರಂದು ಸರ್ಕಾರದ ಸಮವಸ್ತ್ರ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಹಾಗಾಗಿ 2023ರಲ್ಲಿ ತೆರೆಯ ಮೇಲೆ ಒಬ್ಬ ಮುಸ್ಲಿಂ ವಿದ್ಯಾರ್ಥಿ ತರಗತಿಯ ಬಾಗಿಲಲ್ಲಿ ನಿಂತಾಗ ಸಭಾಂಗಣದಲ್ಲಿದ್ದವರಿಗೆ ಅದು ಬರಿಯ ಐವತ್ತು ವರ್ಷದ ಹಳೆಯ ಕಥೆಯಾಗಿ ಕಾಣುವುದು ಸಾಧ್ಯವಿರಲಿಲ್ಲ.

ಆದರೆ ಆ ಜಗಳದ ನಡುವೆ ಬಾಗಿಲಲ್ಲಿ ನಿಂತಿದ್ದವರು ಹುಡುಗಿಯರು. ಚಿತ್ರದ ನಾಯಕ ಹುಡುಗ. ಹುಡುಗಿಯಾಗಿದ್ದರೆ ಪಂದ್ಯ, ಸಾಹಸ, ಕೀಟಲೆಗಳ ಮೂಲಕ ತರಗತಿಯ ಮನ ಗೆಲ್ಲುವ ದಾರಿ ಅವಳಿಗೆ ತೆರೆದಿರುತ್ತಿತ್ತೇ ಎಂಬುದು ಚಿತ್ರದ ಹೊರಗೆ ಉಳಿಯುವ ಪ್ರಶ್ನೆ. ಇನ್ನೊಂದು ಕೊರತೆ ಶೀರ್ಷಿಕೆಯಲ್ಲೇ ಅಡಗಿದೆ. ಮುಸ್ತಾಫಾ ಸ್ವೀಕೃತನಾಗುವುದು ಡೇರ್‌ಡೆವಿಲ್ ಆದ್ದರಿಂದ. ಏನೂ ವಿಶೇಷ ಬಾರದ, ಹಿಂದಿನ ಬೆಂಚಿನಲ್ಲಿ ತೂಕಡಿಸುವ, ಇಂಗ್ಲಿಷಿನಲ್ಲಿ ಫೇಲಾಗುವ ಮುಸ್ತಾಫಾನೊಬ್ಬ ಬಂದಿದ್ದರೆ? ಅಯ್ಯಂಗಾರಿಗೆ ದಡ್ಡನಾಗುವ ಸ್ವಾತಂತ್ರ್ಯವಿದೆ. ಅದಕ್ಕಾಗಿ ಯಾರೂ ಅವನ ಸಮುದಾಯವನ್ನು ತೂಗಿ ನೋಡುವುದಿಲ್ಲ. ಅಲ್ಪಸಂಖ್ಯಾತನು ಮಾತ್ರ ತನ್ನನ್ನು ಸಾಬೀತುಪಡಿಸಿ ಸೀಟು ಪಡೆಯಬೇಕು. ಈ ಲೆಕ್ಕವನ್ನು ಕಥೆಯೂ ಚಿತ್ರವೂ ಪೂರ್ತಿ ಮೀರಿಲ್ಲ. ಕಥೆ ಬರೆದವರೂ ಚಿತ್ರ ಮಾಡಿದವರೂ ಆ ಸಮುದಾಯದ ಹೊರಗೆ ನಿಂತು ನೋಡಿದವರು. ತರಗತಿಯ ಕಣ್ಣಿನಿಂದ ಮುಸ್ತಾಫಾನನ್ನು ಕಂಡರೇ ಹೊರತು ಮುಸ್ತಾಫಾನ ಕಣ್ಣಿನಿಂದ ತರಗತಿಯನ್ನಲ್ಲ. ಆ ಇನ್ನೊಂದು ನೋಟವನ್ನು ಕೊಡಬಲ್ಲ ಬರಹಗಾರರು ಕನ್ನಡದಲ್ಲಿ ಇಲ್ಲವೆಂದಲ್ಲ. ಬೊಳುವಾರು ಮಹಮದ್ ಕುಂಞಿ, ಸಾರಾ ಅಬೂಬಕ್ಕರ್, ಫಕೀರ್ ಮುಹಮ್ಮದ್ ಕಟ್ಪಾಡಿ ದಶಕಗಳ ಕಾಲ ಬರೆದಿದ್ದಾರೆ. ಪಕ್ಕದ ಹಾಸನದ ಬಾನು ಮುಷ್ತಾಕರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಇಡೀ ನಾಡು ಸಂಭ್ರಮಿಸಿತು. ಇವರ ಬರಹದಲ್ಲಿನ ವ್ಯಂಗ್ಯ, ಕುಚೋದ್ಯಗಳನ್ನು ಹಾಸ್ಯಚಿತ್ರವಾಗಿಸಲು ನಿರ್ಮಾಪಕರು ಮುಂದೆ ಬಂದದ್ದು ಮಾತ್ರ ಕಾಣದು.

ಚೆಕ್‌ರೋಲಿನ ಹೆಸರುಗಳು

ಅಬಚೂರಿನಿಂದ ಗೋಣಿಬೀಡಿಗೆ ಬರೋಣ. ಹೋಬಳಿ ಕೇಂದ್ರವಾದ ಈ ಊರಿನ ಸುತ್ತಲ ತೋಟಗಳಲ್ಲಿ ಕಾಲೇಜಿನ ಹಾಜರಿ ಪುಸ್ತಕಕ್ಕಿಂತ ಹಳೆಯದಾದ ಇನ್ನೊಂದು ಹಾಜರಿ ಪುಸ್ತಕವಿದೆ. ಅದು ತೋಟದ ರೈಟರ್ ಬರೆಯುವ ಚೆಕ್‌ರೋಲು. ಮಲೆನಾಡಿನ ವೈವಿಧ್ಯವನ್ನು ನೋಡಬೇಕೆಂದರೆ ಸಿನಿಮಾಕ್ಕಿಂತ ಚೆಕ್‌ರೋಲು ಪ್ರಾಮಾಣಿಕ. ಇಲ್ಲಿನ ಒಕ್ಕಲಿಗರು ಮತ್ತು ದಲಿತರು, ಘಟ್ಟದ ಕೆಳಗಿನಿಂದ ಬಂದ ತುಳು ಮಾತಿನವರು, ಬ್ಯಾರಿಗಳು, ಕೊಂಕಣಿಯಾಡುವ ಕ್ರೈಸ್ತರು, ತಲೆಮಾರುಗಳ ಹಿಂದೆ ಲೈನುಮನೆಗಳಿಗೆ ಬಂದು ನೆಲೆಸಿದ ತಮಿಳರು, ಮಲೆಯಾಳಿಗಳು, ಈಚೆಗೆ ಅಸ್ಸಾಮಿನಿಂದ ಬಂದವರು. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಆರಂಭವಾಗಿ ರೋಬಸ್ಟಾ ಮುಗಿಯುವವರೆಗೆ ಆ ಪಟ್ಟಿ ಉದ್ದವಾಗುತ್ತಲೇ ಹೋಗುತ್ತದೆ. ಬಾಯಿಗೆ ಸಿಗದ ಹೆಸರುಗಳು ರೈಟರನ ಕೈಯಲ್ಲಿ ಮೊಟಕಾಗುತ್ತವೆ, ತಿರುಚಿಕೊಳ್ಳುತ್ತವೆ, ಕೆಲವೊಮ್ಮೆ ಹೊಸದೇ ಆಗುತ್ತವೆ.

ಗುರುತು ತಪ್ಪುವುದು ಇಲ್ಲಿ ನಗೆಯ ವಸ್ತುವಾಗಿ ಉಳಿಯುವುದಿಲ್ಲ. ಅಸ್ಸಾಮಿನಿಂದ ಬಂದ ಬಂಗಾಳಿ ಮಾತಿನ ಕೂಲಿಯವನನ್ನು ಬಾಂಗ್ಲಾದೇಶದವನೆಂದು ಶಂಕಿಸುವುದು ಕೊಡಗಿನಿಂದ ಹಿಡಿದು ಚಿಕ್ಕಮಗಳೂರಿನವರೆಗೆ ಕಾಫಿ ಸೀಮೆಯಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಪೊಲೀಸರು ಕಾರ್ಮಿಕರ ದಾಖಲೆಗಳನ್ನು ಪರಿಶೀಲಿಸಿದ್ದೂ ಉಂಟು. ಆಧಾರ್ ಚೀಟಿಯಲ್ಲಿನ ಹೆಸರಿಗೂ ಚೆಕ್‌ರೋಲಿನ ಹೆಸರಿಗೂ ಹೊಂದಿಕೆಯಾಗದಿದ್ದರೆ ಗೊಂದಲ ಪರಿಹರಿಸಲು ಕೊನೆಯ ಅಂಕದಲ್ಲಿ ಅವಳಿ ಸಹೋದರ ಬರುವುದಿಲ್ಲ.

ಗೋಣಿಬೀಡಿನ ಹೆಸರು ರಾಜ್ಯದ ಸುದ್ದಿಪುಟಗಳಲ್ಲಿ ದೊಡ್ಡದಾಗಿ ಬಂದದ್ದು 2021ರ ಮೇ ತಿಂಗಳಲ್ಲಿ. ಇಲ್ಲಿನ ಠಾಣೆಯಲ್ಲಿ ತನ್ನನ್ನು ಥಳಿಸಿ, ಮೂತ್ರ ನೆಕ್ಕುವಂತೆ ಮಾಡಲಾಯಿತು ಎಂದು ದಲಿತ ಯುವಕನೊಬ್ಬ ದೂರಿದ. ಅಧಿಕಾರಿಯ ಅಮಾನತಾಯಿತು, ತನಿಖೆ ಸಿಐಡಿಗೆ ಹೋಯಿತು. ಈ ಸಂಗತಿಯನ್ನು ಹಾಸ್ಯಚಿತ್ರಗಳ ಚರ್ಚೆಯಲ್ಲಿ ಎಳೆದು ತರುವುದೇಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಶಾಸನಸಭೆಯಲ್ಲಿ ಈ ಗುಡ್ಡಗಳ ಪರವಾಗಿ ದಲಿತರೊಬ್ಬರು ಮಾತನಾಡುತ್ತಾರೆ. ತೆರೆಯ ಮೇಲೆ ಮಲೆನಾಡೆಂದರೆ ಮಂಜು, ತೊಟ್ಟಿಮನೆ, ಜೀಪು, ತೋಟದ ಯಜಮಾನ. ಲೈನುಮನೆಯವನು ಬಂದರೂ ಕಾಫಿ ಲೋಟ ಇಟ್ಟು ಹೋಗುವಷ್ಟು ಹೊತ್ತು ಮಾತ್ರ. ನಮ್ಮ ನಗೆಯ ಚಿತ್ರಗಳಲ್ಲಿ ದಲಿತ ಯುವಕನೊಬ್ಬ ಯಾರೆಂದೋ ತಪ್ಪಾಗಿ ತಿಳಿಯಲ್ಪಟ್ಟು, ಆ ಗೊಂದಲದಲ್ಲಿ ಊರಿನವರನ್ನೆಲ್ಲ ಆಟವಾಡಿಸಿ, ಕೊನೆಗೆ ಗೆದ್ದು ಹೊರಡುವ ಕಥೆಯನ್ನು ನೆನಪಿಸಿಕೊಳ್ಳುವುದು ಕಷ್ಟ.

ಇದಕ್ಕೆ ಬರಿಯ ಮರೆವು ಕಾರಣವಲ್ಲ, ನಮ್ಮ ಕಥೆಗಳ ಕಟ್ಟಡವೇ ಹಾಗಿದೆ. ಜಾತ್ರೆಯಲ್ಲಿ ಕಳೆದುಹೋದ ಮಗು, ಬೇರ್ಪಟ್ಟ ಅಣ್ಣತಮ್ಮಂದಿರು, ಕೊರಳಲ್ಲಿನ ಪದಕ, ತೋಳಿನ ಮಚ್ಚೆ: ಗುರುತು ಬಯಲಾಗುವ ಎಲ್ಲ ಜನಪ್ರಿಯ ಕಥೆಗಳಲ್ಲೂ ಗುರುತು ಬಯಲಾಗುವುದು ಮೇಲ್ಮುಖವಾಗಿ. ಬಡವನ ಗುಡಿಸಲಲ್ಲಿ ಬೆಳೆದವನು ಶ್ರೀಮಂತನ ಮಗನೆಂದು ತಿಳಿಯುತ್ತದೆ, ಎಲ್ಲರೂ ಆನಂದಬಾಷ್ಪ ಸುರಿಸುತ್ತಾರೆ. ರಾಜ್‌ಕುಮಾರ್ ತಂದೆ ಮತ್ತು ಇಬ್ಬರು ಮಕ್ಕಳ ಪಾತ್ರಗಳನ್ನು ಒಬ್ಬರೇ ಮಾಡಿದ ‘ಶಂಕರ್ ಗುರು’ (1978) ಕನ್ನಡಿಗರಿಗೆ ಎಂದೆಂದಿಗೂ ಪ್ರಿಯವಾದ ಚಿತ್ರ. ಚದುರಿದ ಕುಟುಂಬವೊಂದು ಸೇರುವ ಸುಖ ಅದರಲ್ಲಿದೆ. ಆದರೆ ತೋಟದ ಯಜಮಾನನ ಮಗನೆಂದು ಬೆಳೆದವನು ಲೈನುಮನೆಯವಳ ಮಗನೆಂದು ಕೊನೆಯಲ್ಲಿ ತಿಳಿದು, ಅದನ್ನು ಪ್ರೇಕ್ಷಕ ಸುಖಾಂತವೆಂದು ಚಪ್ಪಾಳೆ ತಟ್ಟುವ ಚಿತ್ರ ಬರಬೇಕಷ್ಟೆ.

ಭಾಷೆಯ ವಿಚಾರದಲ್ಲೂ ಇದೇ ಏಣಿ. ಉತ್ತರ ಕರ್ನಾಟಕದ ಮಾತು, ಮಂಡ್ಯದ ಮಾತು, ಕುಂದಾಪುರದ ಮಾತು, ಸಾಬರ ಕನ್ನಡ ಇವೆಲ್ಲ ಹಾಸ್ಯನಟನ ಚೀಲದಲ್ಲಿನ ಸರಕು. ನಾಯಕನದು ಮೈಸೂರು-ಬೆಂಗಳೂರು ಕನ್ನಡ. ಈಚಿನ ವರ್ಷಗಳಲ್ಲಿ ಇದು ಸಡಿಲವಾಗಿದೆ ಎನ್ನಬೇಕು. ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ (2018) ಗಡಿಯಾಚೆಯ ಕನ್ನಡ ಮಾಧ್ಯಮದ ಮಕ್ಕಳನ್ನು ಅವರದೇ ಮಾತಿನಲ್ಲಿ ನಗೆಯ ನಡುವೆ ನಿಲ್ಲಿಸಿ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು, ಜನರನ್ನೂ ಸೆಳೆಯಿತು.

ಇಲ್ಲಿ ನಿಂತು ವಾಯವ್ಯಕ್ಕೋ ಈಶಾನ್ಯಕ್ಕೋ ನೋಡಿದರೂ ಈ ಜಿಲ್ಲೆಯಲ್ಲಿ ಗುರುತಿನ ಪ್ರಶ್ನೆ ಬೆನ್ನು ಬಿಡದು. ಬಾಬಾಬುಡನ್‌ಗಿರಿಯ ಗುಹೆಗೆ ಸರ್ಕಾರಿ ದಾಖಲೆಯಲ್ಲಿರುವ ಹೆಸರು ‘ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ’. ಗುರು, ದತ್ತಾತ್ರೇಯ, ಬಾಬಾ, ಸ್ವಾಮಿ, ದರ್ಗಾ ಒಂದೇ ಸಾಲಿನಲ್ಲಿ ಕುಳಿತಿರುವ ಆ ಹೆಸರನ್ನು ಓದಿದರೆ ಹಳೆಯ ಕಾಲದವರಿಗೆ ಗೊಂದಲವೇ ಇರಲಿಲ್ಲವೆಂದು ತೋರುತ್ತದೆ. ಅದನ್ನು ಎರಡಾಗಿ ಒಡೆದು, ಇವನು ಅವನಲ್ಲ ಎಂದು ಸಾಧಿಸುವ ಹೋರಾಟ ದಶಕಗಳಿಂದ ಬೀದಿಯಲ್ಲೂ ನ್ಯಾಯಾಲಯದಲ್ಲೂ ನಡೆದಿದೆ. ಯೆಮನ್ನಿನಿಂದ ಏಳು ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದನೆಂದು ಐತಿಹ್ಯ ಹೇಳುವ ಸೂಫಿಯ ಬೆಳೆಯಿಂದಲೇ ಇಲ್ಲಿನ ಎರಡೂ ಕಡೆಯವರು ಬದುಕುತ್ತಿದ್ದಾರೆ ಎಂಬುದು ಬೇರೆ ಮಾತು.

ಮತ್ತೆ ಚಿತ್ರದ ವಿಷಯಕ್ಕೆ ಬಂದರೆ, ಅದು ಹೇಗೆ ತಯಾರಾಯಿತು ಎಂಬುದನ್ನು ಹೇಳದೆ ಮುಗಿಸಲಾಗದು. ಇಂಥ ಕಥೆಗೆ ಸಾಮಾನ್ಯ ರೀತಿಯಲ್ಲಿ ಬಂಡವಾಳ ಹುಟ್ಟುವುದು ಸುಲಭವಲ್ಲ. ತೇಜಸ್ವಿಯವರ ನೂರಕ್ಕೂ ಹೆಚ್ಚು ಓದುಗ-ಅಭಿಮಾನಿಗಳು ಹಣ ಕೂಡಿಸಿದರು. ನಟ ಡಾಲಿ ಧನಂಜಯ ಚಿತ್ರವನ್ನು ಅರ್ಪಿಸಿದರು. ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದ ಆರನೆಯ ದಿನ ಬಿಡುಗಡೆಯಾದ ಚಿತ್ರ ಬಾಯಿಮಾತಿನಿಂದ ಉಳಿಯಿತು. ಅನಂತರ ಹೊಸ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು. ವಿನಾಯಿತಿ ಒಳ್ಳೆಯದೇ. ಆದರೆ ಚಿತ್ರ ಗೆದ್ದ ಮೇಲೆ ಬರುವ ವಿನಾಯಿತಿಯಿಂದ ಮುಂದಿನ ಮುಸ್ತಾಫಾ ಹುಟ್ಟುವುದಿಲ್ಲ. ಸರ್ಕಾರದ ಸಹಾಯಧನ ಚಿತ್ರ ಮುಗಿದ ನಂತರ ಸಿಗುವಂಥದ್ದು. ಕಥೆ ಬರೆಯುವ ಹಂತದಲ್ಲಿ, ಅದರಲ್ಲೂ ಈವರೆಗೆ ತೆರೆಯ ಹಿಂದೆ ಜಾಗ ಸಿಗದ ಸಮುದಾಯಗಳ ಹೊಸ ಬರಹಗಾರರಿಗೆ ನೆರವಾಗುವ ಏರ್ಪಾಡಿನ ಕಡೆ ಚಲನಚಿತ್ರ ಅಕಾಡೆಮಿ ಗಮನ ಹರಿಸಿದರೆ ಹೆಚ್ಚು ಉಪಯೋಗ.

ಈ ಸೀಮೆಯ ಸರ್ಕಾರಿ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಈಗ ಅಸ್ಸಾಮಿನ ಹೆಸರುಗಳೂ ಸೇರಿಕೊಂಡಿವೆ. ಕೊಯ್ಲಿನ ಕಾಲಕ್ಕೆ ತಂದೆತಾಯಿ ಒಂದು ತೋಟದಿಂದ ಇನ್ನೊಂದಕ್ಕೆ ಹೋದಾಗ ಮಕ್ಕಳೂ ಹೋಗುತ್ತಾರೆ. ಮೇಷ್ಟ್ರು ತಡವರಿಸುತ್ತಾ ಹೆಸರು ಕೂಗುತ್ತಾರೆ, ಉತ್ತರ ಬರುವುದಿಲ್ಲ. ಉಳಿದ ಮಕ್ಕಳು ಆ ಹೆಸರು ಕೇಳಿ ನಗುತ್ತಾರೆ, ಅದರ ಹುಡುಗ ಹೇಗಿರಬಹುದೆಂದು ಪಕ್ಕದವನ ಕಿವಿಯಲ್ಲಿ ಏನೋ ಹೇಳುತ್ತಾರೆ.